ಜರ್ಮನ್ ನಂಬರ್ ಕಲೀತಿರೋ ಮಗೂಗೆ ಮನೇಲಿ ಕನ್ನಡ ಎಣಿಕೆ ನಿಲ್ಲಿಸ್ಬೇಕಾ?

ಯಾರೋ ಕೇಳಿದ್ರಲ್ಲ, ಮಗು ಒಂದನೇ ಕ್ಲಾಸಿಗೆ ಸೇರಿದೆ, ಜರ್ಮನ್‌ನಲ್ಲಿ ಎಣಿಸೋಕೆ ಒದ್ದಾಡ್ತಿದೆ, ಮನೇಲಿ ಕನ್ನಡದಲ್ಲಿ ಎಣಿಸೋದು ನಿಲ್ಲಿಸಿಬಿಡ್ಲಾ ಅಂತ. ದಯವಿಟ್ಟು ನಿಲ್ಲಿಸ್ಬೇಡಿ. ನಾವು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ರ ಇರೋದು, ದೊಡ್ಡವಳು ಈಗ ಮೂರನೇ ಕ್ಲಾಸು, ಇದನ್ನೆಲ್ಲ ದಾಟಿ ಬಂದಿದೀವಿ.

ಹನ್ನೆರಡರ ತನಕ ಬರೀ ಬಾಯಿ ತಿರುಗೋ ಕಷ್ಟ ಅಷ್ಟೇ. ಸ್ಪೆಲ್ಲಿಂಗಲ್ಲಿ ಝಡ್ ಇದ್ರೆ 'ತ್ಸ' ಅನ್ಬೇಕು, ಪದದ ಶುರುವಲ್ಲಿ ಸ್ವರದ ಮುಂದೆ ಎಸ್ ಇದ್ರೆ ಇಂಗ್ಲಿಷ್ ಝಡ್ ಥರ ಅನ್ಬೇಕು, ಅದಕ್ಕೇ ಹತ್ತು 'ತ್ಸೇನ್', ಏಳು 'ಜೀಬನ್'. ಐದಕ್ಕೆ 'ಫ್ಯುನ್ಫ್' ಅಂತ ಬರೀಬಹುದು ಆದ್ರೆ ಆ ಸ್ವರ ನಮ್ಮ ಕಾಗುಣಿತದಲ್ಲೇ ಇಲ್ಲ, ತುಟಿ ಉ ಅನ್ನೋ ಹಾಗೆ ದುಂಡಗೆ ಇಟ್ಕೊಂಡು ಒಳಗಿಂದ ಇ ಅನ್ನಿ, ಬರತ್ತೆ. ಒಂಬತ್ತು 'ನೊಯ್ನ್', ಇಲ್ಲ ಅನ್ನೋದು 'ನಾಯ್ನ್'. ಬೇಕರೀಲಿ ಒಂಬತ್ತು ಬ್ರೆಡ್ ಕೇಳೋಕೆ ಹೋಗಿ ನಾನು ಎರಡು ಸಲ ಬೇಡ ಬೇಡ ಅಂದಿದ್ದೆ, ಅಂಗಡಿಯವಳು ಪಾಪ ಕಾಯ್ತಾನೇ ನಿಂತಿದ್ಲು.

ನಿಜವಾದ ಗೋಳು ಇಪ್ಪತ್ತೊಂದರಿಂದ ಶುರು. ಇಪ್ಪತ್ತೈದಕ್ಕೆ 'ಫ್ಯುನ್ಫ್-ಉಂಡ್-ತ್ಸ್ವಾನ್‌ತ್ಸಿಶ್', ಅಂದ್ರೆ ಐದು ಮತ್ತೆ ಇಪ್ಪತ್ತು. ಸಂಸ್ಕೃತದ ಪಂಚವಿಂಶತಿ, ಹಿಂದಿಯ ಪಚ್ಚೀಸ್ ಎರಡೂ ಇದೇ ಕ್ರಮ, ಆದ್ರೆ ಕನ್ನಡದಲ್ಲಿ ಬರೆಯೋ ಕ್ರಮದಲ್ಲೇ ಹೇಳ್ತೀವಿ, ಇಪ್ಪತ್ತು ಆಮೇಲೆ ಐದು. ನನ್ ಮಗಳು ಒಂದನೇ ಕ್ಲಾಸಲ್ಲಿ ಏನ್ ಮಾಡ್ತಿದ್ಲು ಅಂದ್ರೆ ಮೊದ್ಲು ಒಂದು ಮನೆ ಖಾಲಿ ಬಿಟ್ಟು 5 ಬರೆದು, ಆಮೇಲೆ ಪೆನ್ಸಿಲ್ ಹಿಂದಕ್ಕೆ ತಂದು 2 ಬರೀತಿದ್ಲು, ಉತ್ತರ ಸರಿಯಾಗೇ ಇರ್ತಿತ್ತು, ನಮಗೂ ಗೊತ್ತಾಗ್ಲಿಲ್ಲ. ಕ್ಯಾಲ್ಕುಲೇಟರ್ ಕೈಗೆ ಬಂದಾಗ ಗೊತ್ತಾಯ್ತು, ಅದರಲ್ಲಿ ಹಿಂದಕ್ಕೆ ಹೋಗೋಕೆ ಆಗಲ್ವಲ್ಲ, 25 ಹೋಗಿ 52 ಆಗ್ತಿತ್ತು. ಆಗ ನಾವು ಮಾಡಿದ್ದು ಇಷ್ಟೇ, ಟೀಚರ್ ಜರ್ಮನ್‌ನಲ್ಲಿ ಹೇಳಿದ್ದನ್ನ ಮನಸ್ಸಲ್ಲೇ ಕನ್ನಡಕ್ಕೆ ತಿರುಗಿಸಿ ಆಮೇಲೆ ಬರಿ ಅಂದ್ವಿ. ಇಪ್ಪತ್ತೈದು ಅಂದ್ಕೊಂಡ್ರೆ ಕೈ ತಾನಾಗೇ 2 ಮೊದ್ಲು ಬರಿಯತ್ತೆ. ಅದಕ್ಕೇ ನಾನು ಕನ್ನಡ ಬಿಡಬೇಡಿ ಅನ್ನೋದು. ಭಾಷಾಭಿಮಾನ ಒಂದು ಕಡೆ ಇರ್ಲಿ, ಲೆಕ್ಕಕ್ಕೆ ನಮ್ಮ ಕ್ರಮ ಸಲೀಸು.

ಮತ್ತೆ ಇದು ನಮಗೆ ಮಾತ್ರ ಕಷ್ಟ ಅಂದ್ಕೋಬೇಡಿ. ಅಂಕಿ ಅದಲು ಬದಲು ಮಾಡೋದಕ್ಕೆ ಜರ್ಮನ್ನರದ್ದೇ ಒಂದು ಪದ ಇದೆ, 'ತ್ಸಾಲೆನ್‌ಡ್ರೇಯರ್' ಅಂತ. ನಾರ್ವೆಯವ್ರು ಟೆಲಿಫೋನ್ ನಂಬರಲ್ಲಿ ತಪ್ಪಾಗತ್ತೆ ಅಂತ 1951ರಲ್ಲಿ ಹತ್ತರದ್ದು ಮೊದ್ಲು ಹೇಳೋ ಹಾಗೆ ಅಧಿಕೃತವಾಗಿ ಬದಲಾಯಿಸ್ಕೊಂಡ್ರು, ಇವ್ರು ಮಾತ್ರ ಬಿಟ್ಟಿಲ್ಲ. ಫೋನ್ ನಂಬರ್ ಎರಡೆರಡು ಅಂಕಿ ಸೇರಿಸಿ ಹೇಳಿದ್ರೆ ನಾಚಿಕೆ ಬಿಟ್ಟು 'ಆಯ್ನ್‌ತ್ಸೆಲ್ನ್, ಬಿಟ್ಟೆ' ಅನ್ನಿ, ಒಂದೊಂದಾಗಿ ಹೇಳ್ತಾರೆ. ಆಗ ಎರಡಕ್ಕೆ 'ತ್ಸ್ವೋ' ಅಂತ ಕೇಳಿಸಿದ್ರೆ ಗಾಬರಿ ಆಗ್ಬೇಡಿ, 'ತ್ಸ್ವಾಯ್' ಅಂದ್ರೆ ಮೂರರ 'ದ್ರಾಯ್' ಥರ ಕೇಳತ್ತೆ ಅಂತ ಹಾಗನ್ನೋದು.

ಗಡಿಯಾರದ್ದು ಇನ್ನೊಂದು ಕಥೆ. 'ಹಾಲ್ಬ್ ದ್ರಾಯ್' ಅಂತ ಬರ್ತ್‌ಡೇಗೆ ಕರೆದಿದ್ರು, ಹಾಲ್ಬ್ ಅಂದ್ರೆ ಅರ್ಧ, ದ್ರಾಯ್ ಅಂದ್ರೆ ಮೂರು, ಮೂರೂವರೆ ಅಂದ್ಕೊಂಡು ಗಿಫ್ಟ್ ಹಿಡ್ಕೊಂಡು ಹೋದ್ರೆ ಕೇಕ್ ಖಾಲಿ. ಅದು ಎರಡೂವರೆ! ಮೂರನೇ ಗಂಟೆ ಅರ್ಧ ಆಗಿದೆ ಅನ್ನೋ ಲೆಕ್ಕ. ನಮ್ಮ ಕಡೆ ಶ್ವಾಬಿಶ್ ಜನ 'ಫಿರ್ಟಲ್ ದ್ರಾಯ್' ಅಂತಾನೂ ಅಂತಾರೆ, ಅದು ಎರಡೂಕಾಲು.

ಕಲಸುಮೇಲೋಗರ ಆಗಲ್ವಾ ಅಂದ್ರೆ ಆಗತ್ತೆ ಸ್ವಲ್ಪ ದಿನ. ಒಂದು ಭಾನುವಾರ ವಿಡಿಯೋ ಕಾಲಲ್ಲಿ ನಮ್ಮತ್ತೆ, ನಿನ್ ಕ್ಲಾಸಲ್ಲಿ ಎಷ್ಟ್ ಮಕ್ಳೇ ಪುಟ್ಟಿ ಅಂದ್ರು. ಇವಳು 'ಐದಿಪ್ಪತ್ತು' ಅಂದ್ಲು. ಅತ್ತೆ ಕನ್ನಡಕ ಏರಿಸ್ಕೊಂಡು 'ಅಯ್ಯೋ ನೂರು ಜನಾನಾ, ಒಂದೇ ಮೇಷ್ಟ್ರಾ?' ಅಂದ್ರು.