ಟೆರೇಸಿಗೆ ಶೀಟಿನ ಮಾಡು: ಖರ್ಚೆಷ್ಟು, ಬಾಳಿಕೆಯೆಷ್ಟು?

ಪ್ರಶ್ನೆ: ಮಲ್ಪೆಯಲ್ಲಿ, ಕಡಲಿನಿಂದ ಒಂದು ಕಿಲೋಮೀಟರಿನೊಳಗೆ ನಮ್ಮ ಮನೆಯಿದೆ. ಮಳೆಗಾಲದಲ್ಲಿ ಆರ್‌ಸಿಸಿ ಟೆರೇಸು ಒಸರುವುದರಿಂದ 30ಕ್ಕೆ 40 ಅಡಿಯ ಆ ಜಾಗಕ್ಕೆ ಶೀಟು ಹೊದೆಸಬೇಕೆಂದಿದ್ದೇವೆ. ಬಂದ ಕೊಟೇಶನ್‌ಗಳ ನಡುವೆ ಬಹಳ ಅಂತರವಿದೆ. ಹೆಚ್ಚು ಹಣ ಕೊಟ್ಟರೆ ಬಾಳಿಕೆಯೂ ಹೆಚ್ಚುತ್ತದೆಯೇ ಎಂಬುದನ್ನು ಹಾಕಿಸಿದವರು ದಯವಿಟ್ಟು ತಿಳಿಸಬೇಕು.

ಬ್ರಹ್ಮಾವರದಿಂದ:
ಎಲ್ಲರೂ ಒಂದೇ ಅಳತೆಗೆ ದರ ಹೇಳಿದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಿ. ನಿಮ್ಮ ಟೆರೇಸು 1,200 ಚದರಡಿಯಾದರೂ ನಮ್ಮ ಕಡೆಯ ಗಾಳಿಮಳೆಗೆ ಗೋಡೆ ನೆನೆಯದಿರಬೇಕಾದರೆ ಶೀಟು ಸುತ್ತಲೂ ಎರಡಡಿಯಾದರೂ ಹೊರಚಾಚಬೇಕಾಗುತ್ತದೆ. ಆಗ ಅದು 34ಕ್ಕೆ 44 ಅಡಿ, ಅಂದರೆ 1,496 ಚದರಡಿಯಾಗುತ್ತದೆ. 15 ಡಿಗ್ರಿ ಇಳಿಜಾರನ್ನು ಸೇರಿಸಿದರೆ 1,550ರ ಹತ್ತಿರ ಬರುತ್ತದೆ. ಒಬ್ಬರು ಟೆರೇಸಿನ ಅಳತೆಗೂ ಇನ್ನೊಬ್ಬರು ಶೀಟಿನ ಅಳತೆಗೂ ದರ ಹೇಳಿದ್ದರೆ ಅಂತರದ ದೊಡ್ಡ ಪಾಲು ಅಲ್ಲಿಯೇ ಇದೆ. ಕಂಬ, ಮಾಡನ್ನು ಹೊರುವ ಚೌಕಟ್ಟಾದ ಟ್ರಸ್, ಶೀಟನ್ನು ಬಿಗಿಯುವ ಅಡ್ಡಪಟ್ಟಿಗಳಾದ ಪರ್ಲಿನ್‌ಗಳ ಕಬ್ಬಿಣ ಎಷ್ಟು ಕಿಲೋ, ಪೈಪಿನ ದಪ್ಪವೆಷ್ಟು, ನೀರು ಹಿಡಿಯುವ ದಂಬೆ ಒಳಗೊಂಡಿದೆಯೇ, ಶೇ. 18ರ ಜಿಎಸ್‌ಟಿ ಸೇರಿದೆಯೇ ಎಂಬುದೆಲ್ಲ ಬರವಣಿಗೆಯಲ್ಲಿ ಬರಲಿ. ಬಾಯಿಮಾತಿನ ದರಕ್ಕೆ ನಾನು ಬೆಲೆ ಕೊಡುವುದಿಲ್ಲ.

ಸುರತ್ಕಲ್‌ನಿಂದ:
ನಮ್ಮ ಮನೆಯೂ ಕಡಲ ಬದಿಯಲ್ಲಿದೆ. ಆದ್ದರಿಂದ ಬಾಳಿಕೆಯ ಮಾತನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಂಗಡಿಯಲ್ಲಿ 0.50 ಮಿ.ಮೀ. ಎಂದು ಹೇಳುವ ದಪ್ಪದಲ್ಲಿ ಲೇಪನ ಮತ್ತು ಬಣ್ಣ ಎರಡೂ ಸೇರಿರುತ್ತವೆ. ಒಳಗಿನ ಉಕ್ಕಿನ ದಪ್ಪ ಅದಕ್ಕಿಂತ ಕಡಿಮೆ. ಕೇಳಬೇಕಾದದ್ದು ಉಕ್ಕಿನ ದಪ್ಪವನ್ನು ಮತ್ತು ಲೇಪನದ ತೂಕವನ್ನು. ಗ್ಯಾಲ್ವಲ್ಯೂಮ್, ಅಂದರೆ ತುಕ್ಕು ತಡೆಯಲು ಲೇಪನ ಕೊಟ್ಟ ಉಕ್ಕಿನ ಶೀಟಿನ ಲೇಪನದಲ್ಲಿ ಶೇ. 55 ಅಲ್ಯೂಮಿನಿಯಂ, ಶೇ. 43.4 ಸತು, ಶೇ. 1.6 ಸಿಲಿಕಾನ್ ಇರುತ್ತದೆ. ಎಝಡ್ 150 ಎಂದರೆ ಒಂದು ಚದರ ಮೀಟರಿಗೆ ಎರಡೂ ಬದಿ ಸೇರಿ 150 ಗ್ರಾಂ ಲೇಪನವಿದೆ ಎಂದರ್ಥ. ಕಡಲ ಬದಿಗೆ ಅದಕ್ಕಿಂತ ಕಡಿಮೆಯದನ್ನು ತೆಗೆದುಕೊಳ್ಳಬೇಡಿ. ನಿಮ್ಮಷ್ಟು ಹತ್ತಿರದಲ್ಲಿದ್ದರೆ ಅಲ್ಯೂಮಿನಿಯಂ ಶೀಟಿಗೂ ಒಂದು ಕೊಟೇಶನ್ ತರಿಸಿ. ಅದಕ್ಕೆ ತುಕ್ಕಿನ ಭಯವಿಲ್ಲ, ಗುಜರಿಗೆ ಹಾಕುವಾಗಲೂ ಹಣ ಬರುತ್ತದೆ. ಆದರೆ ಬೆಲೆ ಹೆಚ್ಚು, ತೆಂಗಿನಕಾಯಿ ಬಿದ್ದರೆ ನೆಗ್ಗುತ್ತದೆ, ಕಬ್ಬಿಣದ ಪರ್ಲಿನ್‌ಗೆ ನೇರವಾಗಿ ತಾಗದಂತೆ ನಡುವೆ ಪಟ್ಟಿ ಕೊಡಬೇಕಾಗುತ್ತದೆ.

ಇಷ್ಟಾದರೂ ಶೀಟು ಕೆಡುವುದು ಹೆಚ್ಚಾಗಿ ಶೀಟಿನಿಂದಲ್ಲ. ನಮ್ಮ ಹಳೆಯ ಮಾಡಿನಲ್ಲಿ ಬಣ್ಣ ಇನ್ನೂ ಹೊಳೆಯುತ್ತಿದ್ದಾಗಲೇ ಪ್ರತಿ ಸ್ಕ್ರೂವಿನ ಕೆಳಗೂ ಕಂದು ಬಣ್ಣದ ಗೆರೆ ಇಳಿದಿತ್ತು. ಸ್ಕ್ರೂವಿನ ತಲೆಯಡಿಯ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ, ಉಗುರಿನಿಂದ ಒತ್ತಿದರೆ ಪುಡಿಯಾಗಿ ಉದುರುತ್ತಿತ್ತು. ಅಗ್ಗದ ಸ್ಕ್ರೂ ಹಾಕಿ ಉಳಿಸುವ ಹಣ ಒಟ್ಟು ಖರ್ಚಿನಲ್ಲಿ ಲೆಕ್ಕಕ್ಕೇ ಬಾರದಷ್ಟು ಚಿಕ್ಕದು, ಅದರಿಂದಾಗುವ ಹಾನಿ ಮಾತ್ರ ಇಡೀ ಮಾಡಿನದು. ಬಿಸಿಲುಮಳೆ ತಾಳುವ ಇಪಿಡಿಎಂ ರಬ್ಬರಿನ ವಾಷರ್ ಇರುವ, ಕಡಲ ತೀರಕ್ಕೆಂದೇ ತಯಾರಾದ ಸ್ಕ್ರೂಗಳನ್ನು ನೀವೇ ತಂದುಕೊಡುವುದು ಉತ್ತಮ. ಕೆಲಸದವರು ಗ್ರೈಂಡರಿನಿಂದ ಶೀಟು ಕತ್ತರಿಸಿದರೆ ಅಂಚಿನ ಲೇಪನ ಸುಟ್ಟುಹೋಗುತ್ತದೆ. ಡ್ರಿಲ್ ಮಾಡಿದ ಕಬ್ಬಿಣದ ಚೂರುಗಳನ್ನು ಅದೇ ಸಂಜೆ ಗುಡಿಸದಿದ್ದರೆ ಮೊದಲ ಮಳೆಗೇ ತುಕ್ಕಿನ ಚುಕ್ಕೆ ಏಳುತ್ತದೆ. ಹಸಿ ಸಿಮೆಂಟು ತಾಗಿದರೂ ಲೇಪನ ಕೆಡುತ್ತದೆಯಾದ್ದರಿಂದ ಪ್ಯಾರಾಪೆಟ್ಟಿನ ಗಾರೆ ಕೆಲಸವನ್ನು ಮೊದಲೇ ಮುಗಿಸಿಕೊಳ್ಳಿ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಮೇಲ್ಭಾಗದ ಉಪ್ಪನ್ನು ಮಳೆ ತೊಳೆಯುತ್ತದೆ, ಆದರೆ ಸೂರಿನ ಅಡಿಭಾಗಕ್ಕೆ ಮಳೆ ತಾಗುವುದಿಲ್ಲ. ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ. ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ಆಗಾಗ ಸಿಹಿನೀರಿನ ಪೈಪು ಹಿಡಿದು ಅಡಿಭಾಗವನ್ನು ತೊಳೆಯಬೇಕು. ವಾರಂಟಿ ಪತ್ರದಲ್ಲಿ ಕಡಲಿನಿಂದ ಇಷ್ಟು ದೂರದೊಳಗಿದ್ದರೆ ಅನ್ವಯಿಸುವುದಿಲ್ಲ ಎಂಬ ಷರತ್ತು ಇದೆಯೇ ಎಂಬುದನ್ನು ಹಣ ಕೊಡುವ ಮೊದಲು ಓದಿಕೊಳ್ಳಿ.

ಕಾರ್ಕಳದಿಂದ:
ಹಂಚಿನ ಪರವಾಗಿಯೂ ಒಂದು ಮಾತು ಇರಲಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಆ ಮುದ್ರೆಯ ಹಂಚುಗಳು ನಮ್ಮ ಹಳೆಮನೆಯ ಮಾಡಿನಲ್ಲಿ ಇಂದಿಗೂ ಇವೆ. ಕುಂಬಾದ ಪಕ್ಕಾಸು, ರೀಪು ಎಂಬ ಹಂಚು ಹೊರುವ ಮರದ ಪಟ್ಟಿಗಳನ್ನು ಮಾತ್ರ ಬದಲಾಯಿಸುತ್ತ ಬಂದಿದ್ದೇವೆ. ಆದರೆ ಮರದ ಬೆಲೆ, ಮಂಗನ ಕಾಟ, ಪ್ರತಿ ಮೇ ತಿಂಗಳಲ್ಲಿ ಮಾಡು ಹತ್ತುವವರನ್ನು ಹುಡುಕುವ ಕಷ್ಟ ಇವನ್ನೆಲ್ಲ ಕಂಡ ಮೇಲೆ ಟೆರೇಸಿನ ಮೇಲೆ ಹಂಚು ಹೊದೆಸಿ ಎಂದು ಹೇಳಲು ನನಗೆ ಧೈರ್ಯವಿಲ್ಲ. ಅರ್ಧ ಮಿ.ಮೀ. ಉಕ್ಕಿನ ಶೀಟು ಚದರ ಮೀಟರಿಗೆ ಸುಮಾರು ನಾಲ್ಕು ಕಿಲೋ ತೂಗಿದರೆ ಹಂಚು ಅದರ ಹಲವು ಪಟ್ಟು ತೂಗುತ್ತದೆ. ನಮ್ಮ ಹೊಸ ಮನೆಗೆ ಶೀಟನ್ನೇ ಹಾಕಿಸಿದ್ದೇವೆ. ಅಡಕೆ ಒಣಗಿಸಲು ಪೂರ್ವದ ಬದಿಗೆ ಪಾರದರ್ಶಕ ಶೀಟು ಕೊಡಿಸಿದ್ದೇವೆ. ಕೆಳಗೆ ಸ್ಲ್ಯಾಬ್ ಇರುವುದರಿಂದ ಮಳೆಯ ಸದ್ದು ಕೋಣೆಗೆ ಅಷ್ಟಾಗಿ ಇಳಿಯುವುದಿಲ್ಲ, ಬೇಸಿಗೆಯ ಕಾವೂ ಕಡಿಮೆಯಾಗಿದೆ.

ಮಂಗಳೂರಿನ ಬಿಜೈಯಿಂದ:
ಮುಂದೆ ಸೋಲಾರ್ ಹಾಕುವ ಯೋಚನೆಯಿದ್ದರೆ ಈಗಲೇ ತೀರ್ಮಾನಿಸಿ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ 78,000 ರೂಪಾಯಿಯವರೆಗೆ ಸಹಾಯಧನವಿದೆ. ಪ್ಯಾನೆಲ್‌ಗಳು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬಾಳುವಂಥವು. ಶೀಟು ಅದಕ್ಕೂ ಮೊದಲೇ ಕೆಟ್ಟರೆ ಎಲ್ಲವನ್ನೂ ಇಳಿಸಿ ಮತ್ತೆ ಏರಿಸುವ ಖರ್ಚು ನಿಮ್ಮ ಮೇಲೆಯೇ ಬೀಳುತ್ತದೆ. ಟ್ರಸ್ಸಿನ ಬಲವನ್ನೂ ಪ್ಯಾನೆಲ್‌ಗಳ ಭಾರ ಸೇರಿಸಿಯೇ ಲೆಕ್ಕ ಹಾಕಿಸಿ. ಅನುಮತಿ ಬೇಕೇ ಎಂಬುದನ್ನು ನಗರಸಭೆಯಲ್ಲಿ ವಿಚಾರಿಸಿಕೊಳ್ಳಿ.

ದಂಬೆಯ ವಿಷಯದಲ್ಲಿ ಜಿಪುಣತನ ಬೇಡ. ಮೇಲೆ ಹೇಳಿದ 34ಕ್ಕೆ 44 ಅಡಿಯ ಮಾಡಿನ ಮೇಲೆ ದಿನವೊಂದಕ್ಕೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 13,900 ಲೀಟರ್ ನೀರು ಇಳಿಯುತ್ತದೆ, ಜುಲೈಯಲ್ಲಿ ಅಂಥ ದಿನಗಳೇನೂ ಅಪರೂಪವಲ್ಲ. ಸಣ್ಣ ದಂಬೆಯಾದರೆ ಅದು ಉಕ್ಕಿ ನೆರೆಮನೆಯ ಗೋಡೆಗೆ ಬೀಳುತ್ತದೆ. ಅಗಲದ ದಂಬೆ, ಎರಡು ಕಡೆ ಇಳಿಪೈಪು, ಜಾಗವಿದ್ದರೆ ಬಾವಿಯ ಬದಿಯ ಇಂಗುಗುಂಡಿಗೆ ಸಂಪರ್ಕ, ಇಷ್ಟನ್ನು ಕೊಟೇಶನ್‌ನಲ್ಲಿಯೇ ಸೇರಿಸಲು ಹೇಳಿ.