ಪುಕ್ಕಟೆ ಸಾಫ್ಟ್‌ವೇರ್ ಕೊಟ್ಟವರಿಗೆ ಶಾಲು ಹೊದಿಸೋದು ಹ್ಯಾಂಗ?

ಪ್ರಶ್ನೆ (ಕೊಪ್ಪಳ): ಸರ್, ನಮಸ್ಕಾರ್ರಿ. ಕಿನ್ನಾಳದ ಗೊಂಬಿ ಮಾಡೋ ನಾಕೈದು ಮನೆಯವ್ರು ಸೇರಿ ವೆಬ್‌ಸೈಟ್ ಮಾಡಿಸೀವಿ, ವರ್ಡ್‌ಪ್ರೆಸ್ ಅನ್ನೋ, ಸೈಟ್ ಕಟ್ಟೋ ಪುಕ್ಕಟೆ ಸಾಫ್ಟ್‌ವೇರ್ ಮ್ಯಾಲೆ ಐತಿ. ಆರ್ಡರ್ ಚಲೋ ಬರಾಕತ್ತಾವ. ದೀಪಾವಳಿ ಮುಗಿದ ಮ್ಯಾಲೆ ಸಣ್ಣ ಕಾರ್ಯಕ್ರಮ ಇಟ್ಟು, ಸೈಟ್ ಮಾಡಿಕೊಟ್ಟ ಹುಡುಗಗ ಶಾಲು ಹೊದಿಸಬೇಕಂತ ಮಾಡೀವಿ. ನಮ್ಮ ಹಿರಿಯರೊಬ್ರು ಕೇಳಿದ್ರು, "ಮೂಲ ಸಾಫ್ಟ್‌ವೇರ್ ಪುಕ್ಕಟೆ ಕೊಟ್ಟೋರಿಗೇನು?" ಅಂತ. ಅವರು ಯಾರ್ರಿ? ಇಂಥದ್ದಕ್ಕ ಎಲ್ಲಾದ್ರೂ ಪ್ರಶಸ್ತಿ ಕೊಡ್ತಾರೇನು? ಇನ್ನೊಂದು ಮಾತು, ಪುಟದ ತಳಕ್ಕಿದ್ದ ವರ್ಡ್‌ಪ್ರೆಸ್ ಸಾಲು ತಗದು ಹುಡುಗ ತನ್ನ ಹೆಸರು ಹಾಕ್ಯಾನ. ತಪ್ಪಲ್ಲೇನ್ರಿ?

ಉತ್ತರ (ವೆಬ್ ಡೆವಲಪರ್, ಬಳ್ಳಾರಿ): ಅಣ್ಣಾರ, ನಿಮ್ಮ ಹಿರಿಯರಿಗೆ ಮೊದಲು ನನ್ನ ನಮಸ್ಕಾರ ತಿಳಿಸ್ರಿ. ಇಷ್ಟು ವರ್ಷದ ಕೆಲಸದಲ್ಲಿ ಈ ಪ್ರಶ್ನೆ ಯಾವ ಗಿರಾಕಿಯೂ ನನಗೆ ಕೇಳಿಲ್ಲ.

ವರ್ಡ್‌ಪ್ರೆಸ್‌ಗೂ ಮೊದಲು ‘ಬಿ2’ ಎಂಬ ತಂತ್ರಾಂಶವಿತ್ತು, ಬರೆದವರು ಮಿಶೆಲ್ ವಾಲ್ಡ್ರಿಗಿ. ಅವರ ಕಡೆಯಿಂದ ಸುದ್ದಿಯೇ ನಿಂತಾಗ, ಅಮೆರಿಕದಲ್ಲಿ ಓದುತ್ತಿದ್ದ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟಲ್ ಆ ಕೋಡನ್ನೇ ಎತ್ತಿಕೊಂಡು ಮುಂದುವರಿಸಿದರು. ಕೋಡನ್ನು ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದು ಎನ್ನುವ ಜಿಪಿಎಲ್ ಪರವಾನಗಿ ಇದ್ದುದರಿಂದಲೇ ಅದು ಸಾಧ್ಯವಾಯಿತು. 2003ರ ಮೇ 27ರಂದು ಮೊದಲ ಆವೃತ್ತಿ ಬಂತು. ಈಗ ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಶೇ. 40ಕ್ಕೂ ಹೆಚ್ಚು ಇದರ ಮೇಲೆ ನಡೆಯುತ್ತವೆ.

ಪ್ರಶಸ್ತಿಗಳೂ ಬಂದಿವೆ. ಇಂಗ್ಲೆಂಡಿನ ಪ್ಯಾಕ್ಟ್ ಪ್ರಕಾಶನ 2006ರಲ್ಲಿ ಇಂಥ ಮುಕ್ತ ತಂತ್ರಾಂಶಗಳಿಗೆಂದೇ ಪ್ರಶಸ್ತಿ ಶುರುಮಾಡಿತು, ಜನರ ಮತ ಮತ್ತು ತೀರ್ಪುಗಾರರ ಅಭಿಪ್ರಾಯ ಎರಡನ್ನೂ ಕೂಡಿಸಿ. ಆ ವರ್ಷ ವರ್ಡ್‌ಪ್ರೆಸ್‌ನಂತೆಯೇ ಸೈಟ್ ಕಟ್ಟುವ ಜೂಮ್ಲಾ ಗೆದ್ದಿತು. 2007, 2008 ಎರಡೂ ಸಲ ಅದೇ ಬಗೆಯ ಡ್ರೂಪಲ್. 2009ರಲ್ಲಿ ವರ್ಡ್‌ಪ್ರೆಸ್. ಅದೇ 2009ರಲ್ಲಿ ಅಮೆರಿಕದ ಶ್ವೇತಭವನ ತನ್ನ ಸೈಟನ್ನು ಡ್ರೂಪಲ್‌ಗೆ ಬದಲಾಯಿಸಿತು. ಫಲಕ ಕೊಡುವುದಕ್ಕಿಂತ ನಂಬಿ ಬಳಸುವುದು ದೊಡ್ಡ ಮನ್ನಣೆ ಎಂದು ನನ್ನ ಅಭಿಪ್ರಾಯ. ಆದರೂ ಮನುಷ್ಯರ ಹೆಸರು ಹಿಂದೆ ಉಳಿಯುತ್ತದೆ, ಅದೇ ನನಗೆ ನೋವು. ಮ್ಯಾಟ್ ಹೆಸರು ಎಲ್ಲರ ಬಾಯಲ್ಲಿದೆ, ಮೈಕ್ ಲಿಟಲ್ ಅವರಿಗೆ ಇಂಗ್ಲೆಂಡಿನಲ್ಲಿ ಡಿಜಿಟಲ್ ಕ್ಷೇತ್ರದ ಕೊಡುಗೆಗಾಗಿ ಪ್ರಶಸ್ತಿ ಬಂದದ್ದು 2013ರಲ್ಲಿ, ಅಂದರೆ ಹತ್ತು ವರ್ಷ ಆದಮೇಲೆ.

ಇನ್ನು ತಳದ ಸಾಲು. ಅದನ್ನು ತೆಗೆಯಲು ಜಿಪಿಎಲ್ ಅಡ್ಡಿ ಮಾಡುವುದಿಲ್ಲ, ಹುಡುಗ ಕಾನೂನು ಮುರಿದಿಲ್ಲ. ಕೋಡನ್ನು ಬೇರೆಯವರಿಗೆ ಕೊಡುವಾಗ ಅದರೊಳಗಿನ ಹಕ್ಕುಸ್ವಾಮ್ಯದ ಟಿಪ್ಪಣಿ ಮಾತ್ರ ಅಳಿಸಬಾರದು. ಆದರೆ ನಿಮ್ಮ ಗೊಂಬೆಗೆ ಅಂಗಡಿಯವನು ಬರೀ ತನ್ನ ಹೆಸರಿನ ಚೀಟಿ ಅಂಟಿಸಿ ಮಾರಿದರೆ ನಿಮಗೆ ಹೇಗಾಗುತ್ತದೆ? ‘ವಿನ್ಯಾಸ: ಇಂಥವರು. ವರ್ಡ್‌ಪ್ರೆಸ್ ಬಳಸಿ ಕಟ್ಟಿದ್ದು’ ಎಂದು ಎರಡೂ ಹಾಕಿಸಿ. ಹುಡುಗನ ದುಡಿಮೆಯೂ ಸಣ್ಣದಲ್ಲ, ಶಾಲು ಅವನಿಗೆ ಸಲ್ಲಲೇಬೇಕು.

ಪ್ರಶ್ನೆ (ಸಿಂಧನೂರು): ಅಣ್ಣಾರ, ನಾನು ಹುಡುಗ್ರಿಗೆ ಕಂಪ್ಯೂಟರ್ ಹೇಳಿಕೊಡ್ತೀನಿ. ಕೋಡ್ ಬರೆಯಾಕ ಬರದವ್ರು ಈ ಋಣ ಹ್ಯಾಂಗ ತೀರಿಸಬೇಕು?

ಉತ್ತರ: ಅಕ್ಕಾರ, ಕನ್ನಡ ಬರುತ್ತದಲ್ಲ, ಅದು ಸಾಕು. ವರ್ಡ್‌ಪ್ರೆಸ್‌ನ ಅನುವಾದ ತಾಣದಲ್ಲಿ ಖಾತೆ ತೆರೆದು ಕನ್ನಡ ಆರಿಸಿ. ಒಂದೊಂದೇ ಸಾಲು ಬರುತ್ತದೆ. ‘ಡ್ರಾಫ್ಟ್’ಗೆ ಕರಡು, ‘ಪಬ್ಲಿಷ್’ಗೆ ಪ್ರಕಟಿಸಿ, ಹೀಗೆ ತುಂಬುತ್ತ ಹೋಗುವುದು. ನೀವು ಕೊಟ್ಟದ್ದನ್ನು ಕನ್ನಡದ ಸಂಪಾದಕರು ನೋಡಿ ಒಪ್ಪುತ್ತಾರೆ, ಆಮೇಲೆ ನಿಮ್ಮ ಖಾತೆಯಲ್ಲಿ ಅನುವಾದಕರ ಬಿಲ್ಲೆ ಕಾಣುತ್ತದೆ. ಯಂತ್ರದಿಂದ ಅನುವಾದಿಸಿ ಹಾಗೇ ಅಂಟಿಸಲು ಮಾತ್ರ ಹುಡುಗರನ್ನು ಬಿಡಬೇಡಿ, ತಿದ್ದುವವರ ಕೆಲಸ ಎರಡರಷ್ಟಾಗುತ್ತದೆ. ಡ್ಯಾಶ್‌ಬೋರ್ಡಿನ, ಅಂದರೆ ಸೈಟನ್ನು ನಿರ್ವಹಿಸುವ ಪುಟದ, ಎಡಮೂಲೆಯ ‘ಡಬ್ಲ್ಯೂ’ ಗುರುತು ಒತ್ತಿ, ಕ್ರೆಡಿಟ್ಸ್ ಪುಟವನ್ನೂ ಅವರಿಗೆ ತೋರಿಸಿ. ಆ ಆವೃತ್ತಿಗೆ ದುಡಿದವರ ಹೆಸರು ಸಾಲುಸಾಲಾಗಿ ಇರುತ್ತದೆ. ಹೆಚ್ಚಿನವರು ಅದನ್ನು ತೆರೆದೇ ನೋಡಿರುವುದಿಲ್ಲ.

ಕೊಪ್ಪಳದಿಂದ: ಹಿರಿಯರಿಗೆ ಓದಿ ಹೇಳಿದೆ ಸರ್, ಭಾಳ ಖುಷಿಯಾದ್ರು. ಕಾರ್ಯಕ್ರಮದಾಗ ಹುಡುಗಗ ಶಾಲು ಹೊದಿಸಿ, ಆ ಮೂರೂ ಮಂದಿ ಹೆಸರು ಅವ್ರೇ ಓದ್ತಾರಂತ. ತಳದ ಸಾಲು ಇವತ್ತ ರಾತ್ರಿ ಹಾಕಸ್ತೀನಿ.

ಉತ್ತರ: ಭಾಳ ಚಲೋ ಆತ್ರಿ. ಸಾಲನ್ನು ಮೂಲ ಥೀಮ್‌ನ (ಸೈಟಿನ ಹೊರರೂಪದ) ಕಡತದೊಳಗೆ ಬರೆಯಬೇಡ, ನಮ್ಮ ಬದಲಾವಣೆಗಳನ್ನು ಬೇರೆಯಾಗಿ ಇಡುವ ಚೈಲ್ಡ್ ಥೀಮ್‌ನಲ್ಲಿ ಹಾಕು ಎಂದು ಹುಡುಗನಿಗೆ ಹೇಳಿ. ಇಲ್ಲದಿದ್ದರೆ ಥೀಮ್ ಅಪ್‌ಡೇಟ್ ಆದಾಗ ಅಳಿಸಿಹೋಗುತ್ತದೆ.