ಸಹಾಯ ಬೇಕು: ಒಲೆಯ ಹೊಗೆ ಪೈಪಿಗೆ ಯಾವ ಟೋಪಿ ಹಾಕಿಸಲಿ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಗಂಗಾವತಿಯಲ್ಲಿ. ಗ್ಯಾಸ್ ಇದ್ದರೂ ಅವ್ವ ಜೋಳದ ರೊಟ್ಟಿ ಮಾಡೋದು ಕಟ್ಟಿಗೆ ಒಲೆ ಮೇಲೆಯೇ. ಹೊಗೆ ಹೋಗಲು ಮಾಳಿಗೆ ಮೇಲೆ 6 ಇಂಚಿನ ಹಳೇ ಸಿಮೆಂಟ್ ಪೈಪ್ ಇದೆ, ಬಾಯಿಗೆ ಮುಚ್ಚಳವಿಲ್ಲ. ಮೊನ್ನೆ ಮಳೆಗೆ ಮಸಿ ಕಲಸಿದ ನೀರು ಇಳಿದು, ನಾದಿಟ್ಟ ಹಿಟ್ಟಿನ ಮೇಲೆ ಕಪ್ಪು ಹನಿ ಬಿದ್ದವು. ಅವ್ವ ಏನೂ ಅನ್ನದೆ ಹಿಟ್ಟು ಎತ್ತಿ ಎಮ್ಮೆಗೆ ಇಟ್ಟರು. ನನಗೆ ತುಂಬಾ ಬೇಜಾರಾಯಿತು.

ತಗಡಿನ ಕೆಲಸದವರು ಜಿಐ (ಸತು ಲೇಪಿಸಿದ ಕಬ್ಬಿಣದ ತಗಡು) ಟೋಪಿ ಸಾಕು ಅಂತಾರೆ. ಹೊಗೆ, ತೇವ ಎರಡೂ ಸೇರಿದರೆ ಅದು ಬೇಗ ತುಕ್ಕು ಹಿಡಿಯುತ್ತೆ ಅಲ್ವಾ? 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ಗೆ ಜಾಸ್ತಿ ದುಡ್ಡು ಹಾಕಲು ನಾನು ತಯಾರಿದ್ದೇನೆ. ಪೈಪಿನ ಬಾಯಿಗೂ ಟೋಪಿಗೂ ನಡುವೆ ಎಷ್ಟು ಜಾಗ ಬಿಡಿಸಿದ್ದೀರಿ? ತೀರಾ ಹತ್ತಿರವಾದರೆ ಹೊಗೆ ವಾಪಸ್ ಒಳಗೇ ಬರುತ್ತೆ ಅನ್ನೋ ಭಯ. ಪಾರಿವಾಳ ಗೂಡು ಕಟ್ಟದಂತೆ ಜಾಲರಿಯೂ ಬೇಕು, ಆದರೆ ಸಣ್ಣ ಕಣ್ಣಿನದಾದರೆ ಮಸಿ ಕಟ್ಟಿಕೊಳ್ಳುತ್ತೆ.

ಇನ್ನೊಂದು ಮಾತು. ಹಳೇ ಸಿಮೆಂಟ್ ಪೈಪಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಹಾಗಾಗಿ ಡ್ರಿಲ್ ಹಾಕಿಸೋದಿಲ್ಲ. ಸುತ್ತ ಪಟ್ಟಿ ಬಿಗಿದು ಕೂರಿಸಿದರೆ ಗಾಳಿಗೆ ನಿಲ್ಲುತ್ತಾ? ಗಂಗಾವತಿ, ಕೊಪ್ಪಳ ಕಡೆ ಮಾಡಿಸಿದವರು ಫೋಟೋ ಹಾಕಿ, ದಯವಿಟ್ಟು.